ಚರ್ಮಕ್ಕೆ ಗೊತ್ತಾದದ್ದು

ಕಾರು ಓಡಿಸಲು ಕಲಿಸುತ್ತಿದ್ದ ಅವರನ್ನು ಊರಿನವರೆಲ್ಲ ‘ಬ್ರೇಕ್ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಅರ್ಧ ಆಯುಸ್ಸು ಕಳೆದವರು. ಮನೆಯಲ್ಲಿ ಟಿವಿ ನೋಡುವಾಗಲೂ ಪರದೆಯ ಮೇಲೆ ಯಾವುದೋ ಲಾರಿ ನುಗ್ಗಿ ಬಂದರೆ ಅವರ ಕಾಲು ನೆಲವನ್ನು ಒತ್ತುತ್ತಿತ್ತು. “ಆಯ್ತು ಬಿಡ್ರೀ, ಲಾರಿ ನಿಂತಿತು,” ಎಂದು ಹೆಂಡತಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ಹೊಸಬಳೊಬ್ಬಳಿಗೆ ಪಾಠ ಹೇಳುತ್ತಾ ಹೇಳುತ್ತಾ ಮೇಷ್ಟ್ರು ತಲೆಯನ್ನು ಕಿಟಕಿಗೆ ಆನಿಸಿದರು. ತನ್ನ ಡ್ರೈವಿಂಗು ನೋಡಿ ಬೇಜಾರಾಗಿ ಕಣ್ಣು ಮುಚ್ಚಿದರೇನೋ ಎಂದುಕೊಂಡ ಆ ಹುಡುಗಿ, “ಮೇಷ್ಟ್ರೇ, ಗೇರ್ ಬದಲಿಸ್ಲಾ?” ಎಂದು ಕೇಳಿದಳು. ಉತ್ತರ ಬರಲಿಲ್ಲ. ಅವಳು ಕಾರು ನಿಲ್ಲಿಸಿ, ಕೂಗಿ ಜನ ಸೇರಿಸಿ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ನಿಂತ ಗುಂಡಿಗೆ ನಿಂತೇ ಇತ್ತು. ಅಲ್ಲಿನವರು ಎದೆ ಒತ್ತಿ, ಕರೆಂಟು ಕೊಟ್ಟು ಅದನ್ನು ಮತ್ತೆ ಓಡಿಸಿದರು. ಗುಂಡಿಗೆ ವಾಪಸ್ ಬಂತು. ಮೇಷ್ಟ್ರು ಬರಲಿಲ್ಲ.

ರಕ್ತ ಸಿಗದೆ ಮಿದುಳು ಬಹಳ ಹೊತ್ತು ಒದ್ದಾಡಿತ್ತು. ಮೇಷ್ಟ್ರು ತಾವಾಗಿ ಉಸಿರಾಡುತ್ತಿದ್ದರು, ಹಗಲು ಕಣ್ಣು ತೆರೆಯುತ್ತಿದ್ದರು, ಆಗಾಗ ಆಕಳಿಸುತ್ತಿದ್ದರು. ಆದರೆ ಆ ಕಣ್ಣು ಯಾರ ಮೇಲೂ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಯ ನರರೋಗದ ಡಾಕ್ಟರಮ್ಮ ಮೊದಲೇ ಹೇಳಿ ಕಳಿಸಿದ್ದಳು: “ಕಣ್ಣು ಪಿಳುಕಿಸ್ತಾರೆ, ಅಂಗೈಲಿ ಬೆರಳಿಟ್ರೆ ಹಿಡ್ಕೋತಾರೆ. ಅದನ್ನ ನೋಡಿ ಅವರಿಗೆ ಎಚ್ಚರ ಇದೆ ಅಂದ್ಕೋಬೇಡಿ ಅಮ್ಮ. ಅದು ದೇಹ ತಾನೇ ಮಾಡೋ ಕೆಲಸ.”

ಹೀಗೆ ನಡುಮನೆಯಲ್ಲಿದ್ದ ಊಟದ ಮೇಜನ್ನು ಹೊರಗೆ ಸಾಗಿಸಿ ಆ ಜಾಗಕ್ಕೆ ಹಿಡಿಕೆ ತಿರುಗಿಸಿದರೆ ತಲೆಯ ಭಾಗ ಮೇಲೇಳುವ ಆಸ್ಪತ್ರೆಯ ಮಂಚ ಬಂತು. ಹೆಂಡತಿ ಪೇಟೆಯ ರೆಡಿಮೇಡ್ ಬಟ್ಟೆ ಅಂಗಡಿಯ ಮೇಲಂತಸ್ತಿನಲ್ಲಿ ಆಲ್ಟರೇಷನ್ ಮಾಡುವವಳು. ಉದ್ದವಾದ ಪ್ಯಾಂಟು ಮಡಿಸಿ ಹೊಲಿಯುವುದು, ಸಡಿಲವಾದ ಸೊಂಟ ಬಿಗಿ ಮಾಡುವುದು ಅವಳ ಕೆಲಸ. ದಿನವೂ ಗಂಡನ ಮೈ ಒರೆಸಿ, ಬಟ್ಟೆ ಬದಲಿಸಿ, ಮೂಗಿನ ನಳಿಕೆಯಲ್ಲಿ ಹಾಲು ಬಿಟ್ಟು ಅಂಗಡಿಗೆ ಓಡುತ್ತಿದ್ದಳು. ಅವಳು ಬರುವವರೆಗೆ ಅತ್ತೆ ಮಗನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಮೂರು ಗಂಡುಮಕ್ಕಳನ್ನು ಹೆತ್ತು, ಒಂದನ್ನು ಎಳವೆಯಲ್ಲೇ ಕಳೆದುಕೊಂಡ ಹೆಂಗಸು. ಮಾತು ಕಡಿಮೆ. ಮಗನ ಕಾಲ ಮೇಲೆ ಕೈ ಇಟ್ಟುಕೊಂಡರೆ ಮುಗಿಯಿತು, ಇಡೀ ಹಗಲು ಹಾಗೇ ಕಳೆಯುತ್ತಿದ್ದರು.

ಎರಡು ಸಲ ಎದೆಯಲ್ಲಿ ಕಫ ಕಟ್ಟಿ ಮೇಷ್ಟ್ರನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ ಬಂದದ್ದಾಯಿತು. ಎರಡನೇ ಸಲ ಮನೆಗೆ ಕಳಿಸುವಾಗ ಡಾಕ್ಟರಮ್ಮ ಅತ್ತೆ, ಸೊಸೆ, ಮೈದುನ ಮೂವರನ್ನೂ ಕೂರಿಸಿಕೊಂಡು ಮಾತಾಡಿದಳು. ಮೈದುನ ಅಚ್ಚುಕೂಟದಲ್ಲಿ ದುಡಿಯುವವನು. ಎಷ್ಟು ತಿಕ್ಕಿದರೂ ಅವನ ಉಗುರ ಸಂದಿಯ ಮಸಿ ಹೋಗುತ್ತಿರಲಿಲ್ಲ.

“ಮತ್ತೆ ಹೀಗಾಗುತ್ತೆ,” ಅಂದಳು ಡಾಕ್ಟರಮ್ಮ. “ಆಗ ಗಂಟಲಿಗೆ ನಳಿಕೆ ಇಳಿಸಿ ಉಸಿರಿನ ಯಂತ್ರಕ್ಕೆ ಹಾಕಬಹುದು. ಹಾಕಿದ್ರೆ ಉಸಿರು ನಡೆಯುತ್ತೆ, ಆದ್ರೆ ಅವರು ವಾಪಸ್ ಬರಲ್ಲ. ಅದರ ಬದಲು ಯಂತ್ರ ಬೇಡ ಅನ್ನಬಹುದು. ಸಂಕಟ ಆಗದ ಹಾಗೆ ನಾನು ನೋಡ್ಕೋತೀನಿ, ನೀವೆಲ್ಲ ಪಕ್ಕದಲ್ಲಿರಿ. ಅವಸರ ಇಲ್ಲ, ಯೋಚನೆ ಮಾಡಿ.”

ಮೂವರೂ ಮನೆಗೆ ಬಂದು ಅತ್ತರು, ಸುಮ್ಮನಾದರು, ಮತ್ತೆ ಅತ್ತರು. ಕೊನೆಗೆ ಯಂತ್ರ ಬೇಡ ಎಂದು ಮಾತಾಯಿತು. ಮೊದಲು ಹೂಂ ಅಂದವಳು ಹೆಂಡತಿಯೇ.

ಅದಾದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನ ಗೀಸರ್ ಕೈಕೊಟ್ಟಿತು. ಒಲೆಯ ಮೇಲೆ ನೀರಿಟ್ಟು ಕಾಯುವಷ್ಟು ವ್ಯವಧಾನವಿರಲಿಲ್ಲ. ಮದುವೆಮನೆಯವರ ರಾಶಿ ಬಟ್ಟೆ ಅಂಗಡಿಯಲ್ಲಿ ಕಾಯುತ್ತಿತ್ತು. ನಲ್ಲಿಯ ತಣ್ಣೀರನ್ನೇ ಬೋಗುಣಿಗೆ ಹಿಡಿದುಕೊಂಡು ಬಂದಳು. “ಇವತ್ತೊಂದಿನ ಸುಧಾರಿಸ್ಕೊಳ್ರೀ,” ಎಂದು ಎಂದಿನಂತೆ ಉತ್ತರವಿಲ್ಲದ ಮಾತಾಡುತ್ತಾ ಮುಖ, ಕೊರಳು, ಎದೆ ಒರೆಸಿದಳು. ಕೆಳಗಿನ ಬಟ್ಟೆ ಬಿಚ್ಚಿ ತೊಡೆಸಂದಿಗೆ ಒದ್ದೆ ಅರಿವೆ ಇಟ್ಟಳು. ಅರಿವೆ ತೆಗೆಯುವಷ್ಟರಲ್ಲಿ ಅವಳ ಕೈ ನಿಂತಿತು.

ವೃಷಣಗಳ ಚೀಲದ ಚರ್ಮ ಅಲುಗುತ್ತಿತ್ತು. ಸಡಿಲವಾಗಿ ಜೋತಿದ್ದದ್ದು ನಿಧಾನವಾಗಿ, ಹುಳ ಹರಿದ ಹಾಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಕ್ಕುಗಟ್ಟುತ್ತಾ ಹೋಗಿ, ನೋಡುನೋಡುತ್ತಿದ್ದಂತೆ ಬಿಗಿದು, ಗಟ್ಟಿಯಾಗಿ, ಮೈಗೆ ಅಂಟಿಕೊಂಡಿತು. ಲಾಡಿ ಎಳೆದಾಗ ಬಟ್ಟೆ ನೆರಿಗೆ ಕೂಡುವುದನ್ನು ದಿನಾ ನೋಡುವ ಹೆಂಗಸಿಗೆ ಆ ಹೋಲಿಕೆ ತಾನಾಗಿ ಹೊಳೆಯಿತು. ಒಳಗೆ ಕೂತು ಯಾರೋ ಎಳೆಯುತ್ತಿದ್ದಾರೆ!

ಅಡುಗೆಮನೆಗೆ ಓಡಿ ಪಾತ್ರೆಯಲ್ಲಿ ಸ್ವಲ್ಪ ನೀರು ಬಿಸಿ ಮಾಡಿಕೊಂಡು ಬಂದಳು. ಅಂಗಡಿ, ಮದುವೆಮನೆ ಎಲ್ಲ ಮರೆತೇಹೋಯಿತು. ಬಿಸಿ ಅರಿವೆ ಇಟ್ಟಳು. ಚರ್ಮ ಮೆಲ್ಲಗೆ ಸಡಿಲಿ, ನೆರಿಗೆ ಬಿಚ್ಚಿ, ಜೋತು ಬಿತ್ತು. ಮತ್ತೆ ತಣ್ಣನೆಯದು ಇಟ್ಟಳು. ಮತ್ತೆ ಬಿಗಿಯಿತು.

“ಚಳಿ ಆಗ್ತಿದೆಯಾ? ಗೊತ್ತಾಗ್ತಿದೆಯಾ ನಿಮಗೆ?” ಎಂದು ಅವರ ಕೆನ್ನೆ ಹಿಡಿದುಕೊಂಡಳು. ಮೇಷ್ಟ್ರ ಕಣ್ಣು ಗೋಡೆಯ ಮೇಲಿತ್ತು. ಇರಲಿ, ಕಣ್ಣಿಗೆ ದಾರಿ ಸಿಗದಿರಬಹುದು, ನಾಲಿಗೆಗೆ ಸಿಗದಿರಬಹುದು. ಆ ಮನುಷ್ಯ ಒಳಗಿದ್ದಾನೆ, ಸಿಕ್ಕ ದಾರಿಯಲ್ಲಿ ಹೇಳುತ್ತಿದ್ದಾನೆ ಎಂದುಕೊಂಡಳು. ಬೋಗುಣಿ ಪಕ್ಕದಲ್ಲಿಟ್ಟು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸದ್ದು ಕೇಳಿ ಅತ್ತೆ ಓಡಿ ಬಂದರು. ಗಾಬರಿಯಲ್ಲಿ ಮೊದಲು ಮಗನ ಮೂಗಿನ ಹತ್ತಿರ ಕೈ ಹಿಡಿದು ನೋಡಿದರು.

“ಅತ್ತೆ, ಇವರಿಗೆ ತಣ್ಣೀರು ಮುಟ್ಟಿದ್ದು ಗೊತ್ತಾಯ್ತು! ನಾನೇ ಕಣ್ಣಾರೆ ನೋಡಿದೆ.”

“ಏನು ಮಾಡಿದ? ಕೈ ಎಳ್ಕೊಂಡನಾ?”

“ಕೈ ಅಲ್ಲ...”

“ಕಾಲಾ?”

“ಮೈ ಅತ್ತೆ, ಮೈ. ಮೈ ಮುದುರಿಕೊಂಡ್ರು.”

ಹೆತ್ತ ತಾಯಿಯ ಮುಂದೆ ಅದನ್ನು ಹೇಗೆ ಹೇಳುವುದು? ಗಂಡ ಕೂಡ ಅಂಥ ನಾಚಿಕೆಯ ಮನುಷ್ಯ. ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ದೀಪದ ಬೆಳಕಿನಲ್ಲಿ ಅವಳೆದುರು ಬಟ್ಟೆ ಬದಲಿಸಿದವರಲ್ಲ. “ಆ ಕಡೆ ತಿರುಗು” ಎನ್ನುತ್ತಿದ್ದರು, ಅವಳು “ಅಬ್ಬಾ, ದೊಡ್ಡ ಒಡವೆ ಬಚ್ಚಿಟ್ಟಿದ್ದಾರೆ” ಎಂದು ರೇಗಿಸುತ್ತಿದ್ದಳು. ಈಗ ದಿನವೂ ಹಗಲು ಬೆಳಕಿನಲ್ಲಿ ಅವರನ್ನು ಮಗುವಿನಂತೆ ಬಿಚ್ಚಿ ತೊಳೆಯುವಾಗ ಆ ಮಾತು ನೆನಪಾಗಿ ಎಷ್ಟೋ ಸಲ ತಾನೇ ಮುಖ ತಿರುಗಿಸಿಕೊಂಡದ್ದುಂಟು. ಅವರ ಮಾನವನ್ನು ಅವಳಲ್ಲದೆ ಇನ್ಯಾರು ಕಾಯಬೇಕು?

ಅತ್ತೆ ಬೋಗುಣಿಯ ಕಡೆ ನೋಡಿದರು, ಬಿಚ್ಚಿದ ಬಟ್ಟೆಯ ಕಡೆ ನೋಡಿದರು, ಸೊಸೆಯ ಮುಖ ನೋಡಿದರು. ಮುಂದೆ ಏನೂ ಕೇಳಲಿಲ್ಲ. ಮಗನಿಗೆ ಹೊದಿಕೆ ಹೊದಿಸಿ, “ಬದುಕಲಿ ಬಿಡೇ,” ಅಂದರು.

ಸಂಜೆ ಸುದ್ದಿ ಕೇಳಿದ ಮೈದುನ ಐಸ್ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ. ಅಣ್ಣನ ಅಂಗೈಗೆ ಮುಟ್ಟಿಸಿದ, ಅಂಗಾಲಿಗೆ, ಕೆನ್ನೆಗೆ, ಹೊಟ್ಟೆಗೆ ಮುಟ್ಟಿಸಿದ. ಮೇಷ್ಟ್ರು ಒಂದು ಸಲ ಆಕಳಿಸಿದರು, ಅಷ್ಟೇ. ಐಸು ಕರಗಿ ಹಾಸಿಗೆ ಒದ್ದೆಯಾಯಿತು.

“ಎಲ್ಲಿ ಅತ್ತಿಗೆ? ಏನೂ ಇಲ್ವಲ್ಲ.”

“ಬೆಳಿಗ್ಗೆ ಮಾಡಿದ್ರು ಅಂದ್ನಲ್ಲಪ್ಪ. ನನಗೇನು ಸುಳ್ಳು ಹೇಳೋ ಚಟವಾ?”

“ಸುಳ್ಳು ಅಂದ್ನಾ ನಾನು? ನಿದ್ದೆಗೆಟ್ಟು ನಿಮಗೇ ಹಾಗೆ ಕಂಡಿರಬಹುದು ಅಂದೆ. ಎಲ್ಲಿ, ಯಾವ ಭಾಗ ಅಂತ ಹೇಳಿದ್ರೆ ತಾನೆ ನನಗೆ ಗೊತ್ತಾಗೋದು?”

ಅವಳು ಹಾಸಿಗೆ ಒರೆಸುವ ನೆಪದಲ್ಲಿ ಬಗ್ಗಿದಳು. ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳೋಣ ಎಂದು ಮೈದುನ ಹೊರಟಾಗ, “ಬೇಡ, ಇನ್ನೊಂದಿಷ್ಟು ದಿನ ನೋಡೋಣ,” ಎಂದು ತಡೆದಳು. ಫೋನಿನಲ್ಲಿ, ಮೈದುನನ ಎದುರಿಗೆ, ಏನೆಂದು ಹೇಳುವುದು?

ಗೀಸರ್ ರಿಪೇರಿಯಾಯಿತು. ಆದರೂ ದಿನವೂ ಮೈ ಒರೆಸುವಾಗ ಎರಡು ಬೋಗುಣಿ ಇಟ್ಟುಕೊಳ್ಳುವುದು ಅವಳಿಗೆ ರೂಢಿಯಾಯಿತು. ತಣ್ಣನೆಯ ಅರಿವೆಗೆ ಚರ್ಮ ಬಿಗಿಯುತ್ತಿತ್ತು, ಬಿಸಿಯದಕ್ಕೆ ಬಿಡುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. “ಇವತ್ತು ಬೇಗ ಹೇಳಿದ್ರಿ,” ಎನ್ನುತ್ತಿದ್ದಳು. ಅಂಗಡಿಯ ಸುದ್ದಿ ಹೇಳುತ್ತಿದ್ದಳು. ಸೊಂಟದಳತೆ ಸುಳ್ಳು ಹೇಳಿ ಹೊಲಿಸಿಕೊಂಡು ಆಮೇಲೆ ಜಗಳಕ್ಕೆ ಬಂದ ಗಿರಾಕಿಯ ಕಥೆ ಹೇಳಿ ತಾನೇ ನಗುತ್ತಿದ್ದಳು. ಪಾದಗಳು ಬತ್ತಿ ಕಡ್ಡಿಯಾಗುತ್ತಿದ್ದವು, ಬೆನ್ನಿನ ಕೆಳಗೆ ಹುಣ್ಣು ಬಾಯಿ ಬಿಡುತ್ತಿತ್ತು. ಅವಳಿಗೆ ಅದು ಕಂಡರೂ ಕಾಣದಂತಿತ್ತು. ಬಹಳ ದಿನದಿಂದ ಹೊಲಿಗೆಯಲ್ಲಿ ಸೂಜಿ ಚುಚ್ಚಿಕೊಳ್ಳುತ್ತಿದ್ದ ಕೈ ಈಗ ಸ್ಥಿಮಿತಕ್ಕೆ ಬಂದಿತ್ತು. “ಮನೆಯಲ್ಲಿ ಸ್ವಲ್ಪ ವಾಸಿ ಅನ್ನಿಸುತ್ತೆ,” ಎಂದು ಅಂಗಡಿಯವರು ಅಂದಾಗ ಹೌದೆಂದು ತಲೆಯಾಡಿಸಿದ್ದಳು.

ಮೂರನೇ ಸಲ ಕಫ ಕಟ್ಟಿದ್ದು ಜೋರಾಗಿಯೇ ಕಟ್ಟಿತು. ಮಧ್ಯಾಹ್ನ ಅತ್ತೆ ಅಂಗಡಿಗೆ ಫೋನು ಮಾಡಿದರು. ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೇಷ್ಟ್ರ ತುಟಿ ನೀಲಿಯಾಗಿತ್ತು, ಪ್ರತಿ ಉಸಿರಿಗೂ ಪಕ್ಕೆ ಒಳಗೆ ಎಳೆಯುತ್ತಿತ್ತು. ಡಾಕ್ಟರಮ್ಮ ರಜೆಯಲ್ಲಿದ್ದಳು, ಅಲ್ಲಿದ್ದ ಡ್ಯೂಟಿ ಡಾಕ್ಟರು ಹೊಸಬ.

“ಯಂತ್ರ ಬೇಡ ಅಂತ ಮನೆಯವರೆಲ್ಲ ಸೇರಿ ಮಾತಾಡಿದ್ದೀವಿ,” ಎಂದ ಮೈದುನ.

“ಹಾಕಿ,” ಅಂದಳು ಹೆಂಡತಿ.

“ಅತ್ತಿಗೆ!”

“ಹಾಕಿ ಅಂದೆನಲ್ಲ. ಅವರು ಒಳಗಿದ್ದಾರೆ. ನಿನಗೆ ಗೊತ್ತಿಲ್ಲ, ನನಗೆ ಗೊತ್ತು.”

ಮೈದುನ ತಾಯಿಯ ಕಡೆ ತಿರುಗಿದ. “ಅಮ್ಮಾ, ನೀನಾದ್ರೂ ಹೇಳು.”

ಅತ್ತೆ ಗೋಡೆ ಹಿಡಿದುಕೊಂಡು ನಿಂತಿದ್ದರು. “ಅವಳು ಹೇಳಿದ ಹಾಗೇ ಆಗಲಿ,” ಅಂದರು.

ಹಾಕಿದರು. ಬಾಯಿಯಲ್ಲಿ ನಳಿಕೆ, ಅದು ಜಾರದಂತೆ ಕೆನ್ನೆಗೆಲ್ಲ ಪಟ್ಟಿ, ಕೊರಳಿಗೆ ಸೂಜಿ, ಮೂತ್ರಕ್ಕೆ ಚೀಲ. ಯಂತ್ರ ಎದೆಯನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು. ದಿನ ಕಳೆದಂತೆ ಮುಖ ಊದಿ ಮೇಷ್ಟ್ರ ಗುರುತೇ ಸಿಗದಂತಾಯಿತು. ಮೂತ್ರಪಿಂಡ ಸೋಲುತ್ತಿದೆ ಅಂದರು. ಮೈದುನ ದಿನವೂ ಬರುತ್ತಿದ್ದ, ಗಾಜಿನಾಚೆಯಿಂದ ಅಣ್ಣನನ್ನು ನೋಡಿ, ಅತ್ತಿಗೆಯ ಜೊತೆ ಮಾತಾಡದೆ ಹೋಗುತ್ತಿದ್ದ.

ರಜೆ ಮುಗಿಸಿ ಬಂದ ಡಾಕ್ಟರಮ್ಮ ಅವಳೊಬ್ಬಳನ್ನೇ ತನ್ನ ಕೋಣೆಗೆ ಕರೆದಳು. ಬಾಗಿಲು ಹಾಕಿ, ಎದುರಿಗಲ್ಲ, ಪಕ್ಕದ ಕುರ್ಚಿಯಲ್ಲಿ ಬಂದು ಕೂತಳು.

“ಬೈಯೋಕೆ ಕರೆದಿಲ್ಲ. ಬೇಡ ಅಂದವರು ಬೇಕು ಅಂದ್ರಿ. ಏನೋ ನೋಡಿರಬೇಕು ನೀವು. ಏನು ನೋಡಿದ್ರಿ?”

ಹೆಂಡತಿ ಕೈಯಲ್ಲಿದ್ದ ಚೀಲದ ಹಿಡಿಕೆ ತಿರುಚಿದಳು. ಆಮೇಲೆ ನೆಲ ನೋಡಿಕೊಂಡೇ ಹೇಳಿದಳು. ಗೀಸರ್ ಕೆಟ್ಟದ್ದರಿಂದ ಹಿಡಿದು, ಎರಡು ಬೋಗುಣಿಯವರೆಗೆ ಹೇಳಿದಳು. ಜಾಗದ ಹೆಸರು ಹೇಳಬೇಕಾದಾಗ ಮಾತ್ರ “ಗಂಡಸರ... ಆ ಚೀಲ” ಅಂದಳು.

ಡಾಕ್ಟರಮ್ಮ ನಗಲಿಲ್ಲ. “ಒಳಗಿನ ಬೀಜ ಥಟ್ಟನೆ ಮೇಲಕ್ಕೆ ಹೋಯ್ತಾ, ಇಲ್ಲ ಹೊರಗಿನ ಚರ್ಮ ನಿಧಾನವಾಗಿ ಸುಕ್ಕಾಯ್ತಾ?”

“ಚರ್ಮ. ನಿಧಾನವಾಗಿ. ಲಾಡಿ ಎಳೆದ ಹಾಗೆ.”

“ಸರಿಯಾಗೇ ನೋಡಿದ್ದೀರಿ.” ಡಾಕ್ಟರಮ್ಮ ಉಸಿರೆಳೆದುಕೊಂಡಳು. “ಆ ಚರ್ಮದ ಅಡಿಯಲ್ಲಿ ಕೊಬ್ಬು ಇರಲ್ಲ ಅಮ್ಮ. ಅದರ ಬದಲು ತೆಳ್ಳಗೆ ಒಂದು ಸ್ನಾಯುವಿನ ಪದರ ಇರುತ್ತೆ, ಚರ್ಮಕ್ಕೇ ಅಂಟ್ಕೊಂಡು. ಕೈಕಾಲಿನ ಸ್ನಾಯು ಥರ ಅಲ್ಲ ಅದು. ಕೈಯನ್ನ ನಾವು ಎತ್ತು ಅಂದ್ರೆ ಎತ್ತುತ್ತೆ. ಇದು ಕರುಳಿನಲ್ಲಿರೋ ಥರದ್ದು, ರಕ್ತನಾಳದಲ್ಲಿರೋ ಥರದ್ದು. ನಾವು ಹೇಳಿದ್ರೆ ಕೇಳಲ್ಲ, ಹೇಳದಿದ್ರೂ ಬಿಡಲ್ಲ. ಚಳಿಗೆ ಮೈ ಮೇಲಿನ ರೋಮ ಎದ್ದು ನಿಲ್ಲುತ್ತಲ್ಲ, ಅದನ್ನ ಎಬ್ಬಿಸೋದೂ ಇಂಥದ್ದೇ ಸ್ನಾಯು.”

“ಅದಕ್ಕೆ ಅಲ್ಲೇನು ಕೆಲಸ?”

“ಒಳಗಿರೋದು ಮೈಗಿಂತ ಸ್ವಲ್ಪ ತಂಪಾಗಿರಬೇಕು. ತೀರಾ ತಂಪೂ ಆಗಬಾರದು. ಆಗಲೇ ಅಲ್ಲಿ ವೀರ್ಯ ಚೆನ್ನಾಗಿ ಬೆಳೆಯೋದು. ಹೊರಗೆ ಚಳಿ ಆದ್ರೆ ಈ ಪದರ ಬಿಗಿದು ಚರ್ಮನ ನೆರಿಗೆ ಮಾಡಿ ಮೈ ಹತ್ತಿರ ಎಳ್ಕೊಳ್ಳುತ್ತೆ, ಬಿಸಿ ಹೊರಗೆ ಹೋಗೋದು ಕಡಿಮೆ ಆಗುತ್ತೆ. ಸೆಕೆ ಆದ್ರೆ ಬಿಟ್ಟುಬಿಡುತ್ತೆ, ಚರ್ಮ ಜೋತು ಬಿದ್ದು ಗಾಳಿ ಆಡುತ್ತೆ. ಮಲಗಿದ್ರೂ ಮಾಡುತ್ತೆ, ಆಪರೇಷನ್ ಟೇಬಲ್ ಮೇಲೆ ಪ್ರಜ್ಞೆ ಇಲ್ಲದೆ ಇದ್ರೂ ಮಾಡಬಹುದು. ಅದಕ್ಕೆ ಬೇಕಾದ ನರ ಬೆನ್ನುಹುರಿ ಕಡೆಯಿಂದ ಬರುತ್ತೆ. ಅವರಿಗೆ ಚಳಿ ಅನ್ನಿಸಬೇಕಾಗಿಲ್ಲ.”

“ಹಾಗಾದ್ರೆ ಅವರಿಗೆ ಗೊತ್ತಾಗಿಲ್ಲ.”

“ಚರ್ಮಕ್ಕೆ ಗೊತ್ತಾಯ್ತು. ಅವರಿಗೆ ಅಲ್ಲ.”

ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದ ಸದ್ದಾಯಿತು. ಹೆಂಡತಿಗೆ ಅಳು ಬರಲಿಲ್ಲ. ಸಿಟ್ಟು ಬಂತು. “ಕಣ್ಣು ಪಿಳುಕಿಸೋದು ಹೇಳಿದ್ರಿ, ಬೆರಳು ಹಿಡ್ಕೊಳ್ಳೋದು ಹೇಳಿದ್ರಿ. ಇದೊಂದನ್ನ ಯಾಕೆ ಹೇಳಲಿಲ್ಲ?”

“ಹೇಳಬೇಕಿತ್ತು. ಮೈ ತೊಳೆಯೋರ ಕಣ್ಣಿಗೆ ದಿನಾ ಬೀಳೋದು ಅದೇ. ನನಗೆ ಹೊಳೀಲಿಲ್ಲ,” ಅಂದಳು ಡಾಕ್ಟರಮ್ಮ. “ಹೊಳೆದಿದ್ರೂ ಬಾಯಿ ಬಿಡ್ತಿದ್ನೋ ಇಲ್ವೋ. ನಮಗೂ ಎಲ್ಲ ಮಾತು ಸಲೀಸಾಗಿ ಬರಲ್ಲ.”

ಅವಳು ಎದ್ದು ಬಂದಳು. ಕಾರಿಡಾರಿನ ಬೆಂಚಿನ ಮೇಲೆ ಅತ್ತೆ ಮುದುಡಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು, ಇನ್ನು ಬಚ್ಚಿಡಲು ಏನೂ ಉಳಿದಿಲ್ಲವೆಂಬಂತೆ, ಎಲ್ಲವನ್ನೂ ಹೇಳಿದಳು. ಎಲ್ಲಿ ನೋಡಿದ್ದು, ಏನು ನೋಡಿದ್ದು, ಅದು ಯಾಕಾಗಿ ಆಗುತ್ತದಂತೆ, ಎಲ್ಲ.

ಅತ್ತೆ ತಮ್ಮ ಅಂಗೈ ನೋಡಿಕೊಂಡರು. “ನನಗೆ ಅವತ್ತೇ ಗೊತ್ತಾಯ್ತು ಕಣೇ.”

“ಏನು?”

“ನೀನು ಮೈ ಅಂದಾಗ್ಲೇ. ಮೂರು ಗಂಡುಕೂಸಿಗೆ ನೀರು ಹಾಕಿದ್ದೀನಿ ನಾನು. ಕಾಲ ಮೇಲೆ ಮಲಗಿಸ್ಕೊಂಡು ನೀರು ಹಾಕೋವಾಗ ತೂಕಡಿಸಿ ನಿದ್ದೆ ಹೋಗಿಬಿಡ್ತಿದ್ವು. ನೀರು ಆರ್ತಾ ಬಂದ್ರೆ ನಿದ್ದೇಲೇ ಅಲ್ಲಿ ಮುದುರ್ಕೊಳ್ಳೋದು. ಕೂಸಿಗೆ ಎಚ್ಚರ ಇರ್ತಿರಲಿಲ್ಲ. ಆಗ್ತಿತ್ತು ಅಷ್ಟೇ.”

“ಗೊತ್ತಿದ್ದೂ ಸುಮ್ಮನಿದ್ರಾ?” ಅವಳ ದನಿ ಏರಿತು. ಆಚೆ ಬೆಂಚಿನವರು ತಿರುಗಿ ನೋಡಿದರು. “ನೋಡಿ ಹೋಗಿ ಒಳಗೆ, ಹೇಗೆ ಮಲಗಿಸಿದ್ದಾರೆ ಅಂತ! ನಾನು ದಡ್ಡಿ, ನನಗೆ ಗೊತ್ತಿರಲಿಲ್ಲ. ನೀವು ಒಂದು ಮಾತು ಹೇಳಿದ್ರೆ ಇದು ಆಗ್ತಿತ್ತಾ?”

“ನನ್ನ ಮಗ ಕಣೇ ಅವನು.” ಮುದುಕಿ ಸೊಸೆಯ ಕೈ ಹಿಡಿದುಕೊಂಡರು. “ಅವನನ್ನ ಕಳಿಸೋಕೆ ನೀವೆಲ್ಲ ಹೂಂ ಅಂದ್ರಿ, ನಾನೂ ಅಂದೆ. ಆಮೇಲೆ ನೀನು ಕಳಿಸೋದು ಬೇಡ ಅಂದೆ. ಬೇಡ ಅನ್ನೋರು ಒಬ್ಬರಾದ್ರೂ ಇದ್ದಾರಲ್ಲ ಅನ್ನಿಸ್ತು. ಬಾಯಿ ಬರಲಿಲ್ಲ ನನಗೆ.”

ಸೊಸೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ವಾಹನದವರು ಜಾಗಕ್ಕಾಗಿ ಹಾರನ್ ಒತ್ತುತ್ತಿದ್ದರು. ಅತ್ತೆಯ ಮೇಲೆ ಎಷ್ಟು ಸಿಟ್ಟು ತಂದುಕೊಳ್ಳಲು ನೋಡಿದರೂ ಅದು ನಿಲ್ಲುತ್ತಿರಲಿಲ್ಲ. ಆ ಬೋಗುಣಿಯ ಮುಂದೆ ತಾನು ಬಿಕ್ಕಿ ಅತ್ತದ್ದು, ಹೊದಿಕೆ ಹೊದಿಸುತ್ತಾ ಆ ಮುದುಕಿ ಸುಮ್ಮನೆ ನಿಂತದ್ದು ಕಣ್ಣಿಗೆ ಕಟ್ಟುತ್ತಿತ್ತು. ವಾಪಸ್ ಬಂದು ಪಕ್ಕದಲ್ಲಿ ಕೂತಳು. “ಇವರ ತಮ್ಮನಿಗೆ ಫೋನ್ ಮಾಡೋಣ ಅತ್ತೆ,” ಅಂದಳು. ಅತ್ತೆ ತಲೆಯಾಡಿಸಿದರು.

ಮೈದುನ ಬಂದ. ಅತ್ತಿಗೆ ತಾನೇ ಅವನಿಗೂ ಹೇಳಿದಳು, ಮುಚ್ಚುಮರೆ ಇಲ್ಲದೆ. ಅವನು ಕೇಳಿ, ಮಸಿಯ ಬೆರಳುಗಳಿಂದ ಹಣೆ ಒತ್ತಿಕೊಂಡು, “ಪಾಪ ಅತ್ತಿಗೆ, ಅವತ್ತೇ ನನ್ನ ಹತ್ರ ಹೇಳೋಕೆ ನಿಮಗೆ...” ಎಂದು ಅರ್ಧಕ್ಕೇ ನಿಲ್ಲಿಸಿದ.

ಮರುದಿನ ಯಂತ್ರ ತೆಗೆಯುವುದೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಒಮ್ಮೆ ತಾನೇ ಮೈ ಒರೆಸುತ್ತೇನೆ ಎಂದು ಹೆಂಡತಿ ನರ್ಸನ್ನು ಕೇಳಿಕೊಂಡಳು. ನರ್ಸು ಪರದೆ ಎಳೆದು ಬಿಸಿನೀರು ತಂದುಕೊಟ್ಟಳು. “ಎಸಿ ಸ್ವಲ್ಪ ಕಡಿಮೆ ಮಾಡ್ತೀರಾ?” ಎಂದು ಕೇಳಿದಾಗ ಅದನ್ನೂ ಮಾಡಿದಳು. ಅತ್ತೆ ಮುಖ ಮತ್ತು ತಲೆ ಒರೆಸಿದರು, ಸೊಸೆ ಉಳಿದದ್ದನ್ನು. ಎಲ್ಲಿಯೂ ನಿಲ್ಲಲಿಲ್ಲ, ಏನನ್ನೂ ಪರೀಕ್ಷಿಸಲಿಲ್ಲ. ಒಣ ಟವಲಿನಿಂದ ಒತ್ತಿ, ಪೌಡರ್ ಹಾಕಿ, ಮನೆಯಿಂದ ತಂದ ಹತ್ತಿಯ ಪೈಜಾಮ ತೊಡಿಸಿದಳು. ಊದಿದ ಹೊಟ್ಟೆಗೆ ಆಗುವಂತೆ ಅದರ ಸೊಂಟವನ್ನು ಬೆಳಿಗ್ಗೆ ತಾನೇ ಸಡಿಲ ಮಾಡಿ ಹೊಲಿದಿದ್ದಳು.

ನಳಿಕೆ ತೆಗೆದ ಮೇಲೆ ಮೇಷ್ಟ್ರು ಸ್ವಲ್ಪ ಹೊತ್ತು ತಾವೇ ಉಸಿರಾಡಿದರು. ಡಾಕ್ಟರಮ್ಮ ಮಾತು ಕೊಟ್ಟಂತೆ ಪಕ್ಕದಲ್ಲೇ ನಿಂತು ಸೂಜಿಯಲ್ಲಿ ಔಷಧಿ ಕೊಡುತ್ತಿದ್ದಳು. ಉಸಿರು ಉಸಿರಿನ ನಡುವೆ ಬಿಡುವು ದೊಡ್ಡದಾಗುತ್ತಾ ಹೋಯಿತು. ಒಂದು ಬಿಡುವು ಮುಗಿಯಲೇ ಇಲ್ಲ. ಮೈದುನ ಅಣ್ಣನ ಪಾದ ಹಿಡಿದುಕೊಂಡು ಜೋರಾಗಿ ಅತ್ತ. ಹೆಂಗಸರಿಬ್ಬರೂ ಅಳುವುದನ್ನು ಮರೆತವರಂತೆ ಇನ್ನೊಂದು ಉಸಿರಿಗಾಗಿ ಕಾಯುತ್ತಾ ಕೂತಿದ್ದರು.

ಬಾಡಿಗೆಗೆ ತಂದಿದ್ದ ಮಂಚವನ್ನು ಅದರ ಅಂಗಡಿಯವರು ಬಂದು ಬಿಚ್ಚಿಕೊಂಡು ಹೋದರು. ಊಟದ ಮೇಜನ್ನು ಒಳಗೆ ತರಲು ಯಾರಿಗೂ ಮನಸ್ಸಾಗದೆ ಅದು ವರಾಂಡದಲ್ಲೇ ಉಳಿಯಿತು. ಅತ್ತೆ ಸೊಸೆ ಅಡುಗೆಮನೆಯ ಕಟ್ಟೆಯ ಮುಂದೆ ಮಣೆ ಹಾಕಿಕೊಂಡು ಉಣ್ಣುತ್ತಿದ್ದರು. ಅಂಥ ಒಂದು ಊಟದ ನಡುವೆ ಅತ್ತೆ ಕೈ ತಡೆದು ಕೇಳಿದರು:

“ಗಂಟಲಿಗೆ ಆ ನಳಿಕೆ ಹಾಕಿದ್ರಲ್ಲ. ಅಷ್ಟು ದಿನ. ಅವನಿಗೆ ನೋವು ಗೊತ್ತಾಗಿರುತ್ತಾ?”

ಯಾವ ಮಾತನ್ನು ಡಾಕ್ಟರಮ್ಮನ ಕೋಣೆಯಲ್ಲಿ ಕೇಳಲಾರದೆ ಕೇಳಿದ್ದಳೋ ಅದೇ ಮಾತನ್ನು ಸೊಸೆ ಈಗ ಹೇಳಿದಳು.

“ಇಲ್ಲ ಅತ್ತೆ. ಅವರಿಗೆ ಏನೂ ಗೊತ್ತಾಗಿರಲ್ಲ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಮುದುಕಿ ಸಮಾಧಾನದ ಉಸಿರು ಬಿಟ್ಟು ತಟ್ಟೆಗೆ ಕೈ ಹಾಕಿದರು. ಸ್ವಲ್ಪ ದಿನ ಬಿಟ್ಟು ಮತ್ತೆ ಕೇಳಿದರು, ಆಮೇಲೂ ಕೇಳಿದರು. ಕೇಳಿದಾಗಲೆಲ್ಲ ಸೊಸೆ ಬೇಸರಿಸದೆ ಅದನ್ನೇ ಹೇಳಿದಳು. ಹೇಳುವಾಗ ಅವರ ಮುಖ ನೋಡುವುದು ಅವಳಿಗೆ ಮೊದಮೊದಲು ಕಷ್ಟವಾಗುತ್ತಿತ್ತು, ಬರಬರುತ್ತಾ ಅಷ್ಟು ಕಷ್ಟವಾಗಲಿಲ್ಲ.